ಓಟದ ಗಾಡಿಯ ಕಣ್ಣು: ಚಿತ್ರದ ಗುಣವನ್ನು ಅಳೆಯುವ ಬಗೆ

ಜವಳಿ ಅಂಗಡಿಗೆ ಹೋದ ತಿಳಿವಳಿಕೆಯುಳ್ಳ ಗೃಹಸ್ಥನು ಬಟ್ಟೆಯ ಅಗಲವೆಷ್ಟು, ಉದ್ದವೆಷ್ಟು ಎಂದು ಮಾತ್ರ ಕೇಳಿ ಹಣವೆಣಿಸಿ ಬರುವುದಿಲ್ಲ. ನೂಲನ್ನು ಬೆರಳುಗಳ ನಡುವೆ ಉಜ್ಜಿ ನೋಡುತ್ತಾನೆ. ನೇಯ್ಗೆಯನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. ಒಗೆದರೆ ಬಣ್ಣ ನಿಲ್ಲುವುದೇ ಎಂದು ವಿಚಾರಿಸುತ್ತಾನೆ. ಅದೇ ಗೃಹಸ್ಥನ ಮಗನೋ ಮಗಳೋ ಮೋಟಾರು ಓಟದ ದೃಶ್ಯಗಳನ್ನು ಸೆರೆಹಿಡಿಯಲು ಅಂಗೈಯಗಲದ ವೀಡಿಯೋ ಕ್ಯಾಮರಾವೊಂದನ್ನು ಕೊಳ್ಳಹೊರಟಾಗ ಮಾತ್ರ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಒಂದೇ ಸಂಖ್ಯೆಯನ್ನು ನೋಡಿ ತೃಪ್ತಿಪಡುವುದುಂಟು. 4ಕೆ, 5ಕೆ ಎಂಬ ಆ ಸಂಖ್ಯೆ ದೊಡ್ಡದಾದಷ್ಟೂ ಚಿತ್ರವು ಉತ್ತಮವೆಂಬ ನಂಬಿಕೆ ಈಗ ಬಹುತೇಕ ಎಲ್ಲರಲ್ಲಿಯೂ ಬೇರೂರಿದೆ.

ಆ ಸಂಖ್ಯೆ ಸುಳ್ಳಲ್ಲ. ಒಂದು ಚಿತ್ರದಲ್ಲಿ ಎಷ್ಟು ಚುಕ್ಕೆಗಳಿವೆ ಎಂಬುದನ್ನು ಅದು ಸರಿಯಾಗಿಯೇ ಹೇಳುತ್ತದೆ. ಆದರೆ ಗಂಟೆಗೆ ನೂರೈವತ್ತು ಕಿಲೋಮೀಟರು ವೇಗದಲ್ಲಿ ನಡುಗುತ್ತ ಓಡುವ ಗಾಡಿಯ ಮೇಲೆ ಕುಳಿತು ಲೋಕವನ್ನು ನೋಡಬೇಕಾದ ಕಣ್ಣಿಗೆ ಚುಕ್ಕೆಗಳ ಸಂಖ್ಯೆ ಮೊದಲನೆಯ ಗುಣವಲ್ಲ. ಅಲ್ಲಿ ಚಿತ್ರದ ಒಳಿತು ಕೆಡಕುಗಳನ್ನು ನಿರ್ಧರಿಸುವುದು ಮುಖ್ಯವಾಗಿ ಕಾಲ: ಒಂದೊಂದು ಚಿತ್ರವೂ ಬೆಳಕಿಗೆ ಎಷ್ಟು ಹೊತ್ತು ತೆರೆದಿತ್ತು, ಅದನ್ನು ಎಷ್ಟು ಹೊತ್ತಿನಲ್ಲಿ ಓದಲಾಯಿತು, ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಎಷ್ಟು ಹೊತ್ತು ಕಳೆಯಿತು ಎಂಬ ಮೂರು ಪ್ರಶ್ನೆಗಳು. ಈ ಮೂರನ್ನೂ ಕೇಳದೆ ಮಾಡುವ ಹೋಲಿಕೆ ಹೋಲಿಕೆಯೇ ಅಲ್ಲವೆಂದು ನನ್ನ ಅಭಿಪ್ರಾಯ. ಇದು ಬರಿಯ ಅಭಿರುಚಿಯ ಮಾತಲ್ಲ. ಕಾಲೇಜಿನ ಮೊದಲ ವರ್ಷದ ಭೌತಶಾಸ್ತ್ರ ಬಲ್ಲ ಯಾರೇ ಆಗಲಿ ಕಾಗದ ಪೆನ್ಸಿಲುಗಳನ್ನು ಹಿಡಿದು ಲೆಕ್ಕಹಾಕಿ ನೋಡಬಹುದಾದ ಸಂಗತಿ.

ಹಿಂದಿನ ದಾರಿ

ಓಡುವ ಗಾಡಿಯಿಂದಲೇ ಓಟವನ್ನು ಚಿತ್ರಿಸುವ ಆಸೆ ಇಂದಿನದಲ್ಲ. 1970ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ ನಡೆದ 24 ಗಂಟೆಗಳ ಓಟದಲ್ಲಿ, ಸ್ಟೀವ್ ಮೆಕ್ವೀನ್ ನಟಿಸಿದ ಚಲನಚಿತ್ರಕ್ಕೋಸ್ಕರ ಪೋರ್ಷೆ 908 ಮಾದರಿಯ ಗಾಡಿಯೊಂದು ಕ್ಯಾಮರಾಗಳನ್ನು ಹೊತ್ತು ನಿಜವಾದ ಸ್ಪರ್ಧಿಗಳ ನಡುವೆಯೇ ಓಡಿತು. ಹರ್ಬರ್ಟ್ ಲಿಂಗೆ ಮತ್ತು ಜೊನಾಥನ್ ವಿಲಿಯಮ್ಸ್ ಅದರ ಚಾಲಕರು. ಫಿಲ್ಮಿನ ಸುರುಳಿ ಮುಗಿದಾಗ ಗಾಡಿಯನ್ನು ನಿಲ್ಲಿಸಿ ಹೊಸ ಸುರುಳಿಯನ್ನು ತುಂಬಬೇಕಾಗಿದ್ದುದರಿಂದ ಬಹಳ ಹೊತ್ತು ಅದರಲ್ಲಿಯೇ ಕಳೆದುಹೋಯಿತು. 1979ರಲ್ಲಿ ಆಸ್ಟ್ರೇಲಿಯದ ಬ್ಯಾಥರ್ಸ್ಟ್ ಓಟದಲ್ಲಿ ಪೀಟರ್ ವಿಲಿಯಮ್ಸನ್ ಅವರ ಟೊಯೋಟಾ ಸೆಲಿಕಾ ಗಾಡಿಯ ಒಳಗಿನಿಂದ ದೃಶ್ಯಗಳು ದೂರದರ್ಶನದ ಪರದೆಗೆ ನೇರವಾಗಿ ಹರಿದುಬಂದವು. 1985ರ ಜರ್ಮನ್ ಗ್ರ್ಯಾಂಡ್ ಪ್ರೀಯಲ್ಲಿ ಫ್ರಾನ್ಸ್ವಾ ಎಸ್ನೊ ಅವರ ರೆನೋ ಗಾಡಿ ಫಾರ್ಮುಲಾ ಒನ್ ಸ್ಪರ್ಧೆಯ ನಡುವೆ ನೇರ ಪ್ರಸಾರದ ಕ್ಯಾಮರಾವನ್ನು ಹೊತ್ತ ಮೊದಲ ಗಾಡಿಯಾಯಿತು.

ಅಂದು ದೊಡ್ಡ ಸಂಸ್ಥೆಗಳಿಗೆ ಮಾತ್ರ ಸಾಧ್ಯವಿದ್ದುದನ್ನು ಸಾಮಾನ್ಯರ ಕೈಗೆ ತಂದುಕೊಟ್ಟವರಲ್ಲಿ ನಿಕ್ ವುಡ್‌ಮನ್ ಮುಖ್ಯರು. ಅವರು 2002ರಲ್ಲಿ ಸ್ಥಾಪಿಸಿದ ಗೋಪ್ರೋ ಸಂಸ್ಥೆಯ ಮೊದಲ ಕ್ಯಾಮರಾ 2004ರಲ್ಲಿ ಹೊರಬಂದಾಗ ಅದು 35 ಮಿಲಿಮೀಟರು ಫಿಲ್ಮಿನಲ್ಲಿ ಸ್ಥಿರಚಿತ್ರಗಳನ್ನು ತೆಗೆಯುವ ಸರಳ ಯಂತ್ರವಾಗಿತ್ತು. ಅದೇ ಸಂಸ್ಥೆ 2023ರಲ್ಲಿ ಹೊರತಂದ ಹೀರೋ 12 ಬ್ಲ್ಯಾಕ್ ಕ್ಯಾಮರಾದ ತೂಕ 154 ಗ್ರಾಂ. ಅದರ ಎದುರಾಳಿಯಾಗಿ ಡಿಜೆಐ ಸಂಸ್ಥೆಯ ಓಸ್ಮೋ ಆ್ಯಕ್ಷನ್ ಮಾಲೆಯೂ ಮಾರುಕಟ್ಟೆಯಲ್ಲಿ ನಿಂತಿದೆ. ಆಯ್ಕೆ ಹೆಚ್ಚಿದಂತೆ ಹೋಲಿಕೆಗಳೂ ಹೆಚ್ಚಿದವು. ಹೋಲಿಕೆಗಳು ಹೆಚ್ಚಿದಂತೆ ಗೊಂದಲವೂ ಬೆಳೆಯಿತು.

ಒಂದೇ ಬಂಡವಾಳ, ಎರಡು ಖರ್ಚು

2012ರಲ್ಲಿ ಬಂದ ಹೀರೋ 3 ಬ್ಲ್ಯಾಕ್ ಕ್ಯಾಮರಾವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 4ಕೆ ಚಿತ್ರವನ್ನು ತೆಗೆಯಬಲ್ಲ ಕ್ಯಾಮರಾವೆಂದು ಅದು ಹೆಸರಾಯಿತು. 4ಕೆ ಚಿತ್ರವೆಂದರೆ ಅಡ್ಡಲಾಗಿ 3840 ಚುಕ್ಕೆಗಳು, ನೀಟಾಗಿ 2160 ಸಾಲುಗಳು. ಒಟ್ಟು 82,94,400 ಚುಕ್ಕೆಗಳು. ಆದರೆ ಆ ಕ್ಯಾಮರಾ ಇಂಥ ಚಿತ್ರಗಳನ್ನು ಸೆಕೆಂಡಿಗೆ 15ರಂತೆ ಮಾತ್ರ ತೆಗೆಯಬಲ್ಲುದಾಗಿತ್ತು. ಅದೇ ಕ್ಯಾಮರಾ 1920 ಚುಕ್ಕೆ, 1080 ಸಾಲುಗಳ ಚಿತ್ರವನ್ನಾದರೆ ಸೆಕೆಂಡಿಗೆ 60ರಂತೆ ತೆಗೆಯುತ್ತಿತ್ತು. ಈಗ ಗುಣಾಕಾರ ಮಾಡಿ ನೋಡಿರಿ. ಎರಡು ಬಗೆಯಲ್ಲಿಯೂ ಸೆಕೆಂಡಿಗೆ ಸರಿಯಾಗಿ 12,44,16,000 ಚುಕ್ಕೆಗಳೇ ಬರುತ್ತವೆ!

ಇದರ ಅರ್ಥವೇನು? ಯಂತ್ರದ ದುಡಿಮೆಗೆ ಒಂದು ಮಿತಿಯುಂಟು. ಆ ದುಡಿಮೆಯನ್ನು ಚುಕ್ಕೆಗಳಿಗಾಗಿ ವ್ಯಯಿಸಬಹುದು, ಇಲ್ಲವೆ ಕಾಲಕ್ಕಾಗಿ ವ್ಯಯಿಸಬಹುದು. ನಿಂತ ಬೆಟ್ಟವನ್ನು ಚಿತ್ರಿಸುವವನಿಗೆ ಮೊದಲನೆಯದು ಲಾಭ. ಓಟದವನಿಗೆ? ಗಂಟೆಗೆ 200 ಕಿಲೋಮೀಟರು ವೇಗದ ಗಾಡಿ ಸೆಕೆಂಡಿಗೆ ಸುಮಾರು 55.6 ಮೀಟರು ಸಾಗುತ್ತದೆ. ಸೆಕೆಂಡಿಗೆ 15 ಚಿತ್ರಗಳಾದರೆ ಒಂದಕ್ಕೂ ಮುಂದಿನದಕ್ಕೂ ನಡುವೆ ಗಾಡಿ 3.7 ಮೀಟರು ಮುಂದೆ ಹೋಗಿರುತ್ತದೆ. ಅಷ್ಟರಲ್ಲಿ ನಡೆದುದಾವುದೂ ಆ ಕಣ್ಣಿಗೆ ಬಿದ್ದಿರುವುದಿಲ್ಲ. 60 ಚಿತ್ರಗಳಾದರೆ ಆ ಅಂತರ ಸುಮಾರು 93 ಸೆಂಟಿಮೀಟರಿಗೆ ಇಳಿಯುತ್ತದೆ.

ಆ ಬಳಿಕ ಯಂತ್ರಗಳು ಬೆಳೆದಿವೆ. 2014ರಲ್ಲಿ ಹೀರೋ 4 ಬ್ಲ್ಯಾಕ್ 4ಕೆ ಚಿತ್ರಗಳನ್ನು ಸೆಕೆಂಡಿಗೆ 30ರಂತೆಯೂ, 2017ರಲ್ಲಿ ಹೀರೋ 6 ಬ್ಲ್ಯಾಕ್ 60ರಂತೆಯೂ ಕೊಡಲಾರಂಭಿಸಿದವು. ಬಂಡವಾಳ ದೊಡ್ಡದಾಯಿತು, ನಿಜ. ಆದರೆ ಅದನ್ನು ಯಾವುದಕ್ಕೆ ಖರ್ಚುಮಾಡಬೇಕೆಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಈ ಪ್ರಶ್ನೆಗೆ ಬಲ್ಲವರು ಕೊಟ್ಟಿರುವ ಉತ್ತರವೊಂದು ಗಮನಾರ್ಹ. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್‌ಐಎ, ಅಪಘಾತದ ಕಾಲದಲ್ಲಿ ಚಾಲಕನ ತಲೆ ಹೇಗೆ ಚಲಿಸುತ್ತದೆಂಬುದನ್ನು ತಿಳಿಯಲು 2016ರಲ್ಲಿ ಫಾರ್ಮುಲಾ ಒನ್ ಗಾಡಿಗಳಲ್ಲಿ ಚಾಲಕನ ಮುಖಕ್ಕೆ ಎದುರಾಗಿ ಕ್ಯಾಮರಾವೊಂದನ್ನು ಇರಿಸಿತು. ಅದರ ಹೆಗ್ಗಳಿಕೆ ಚುಕ್ಕೆಗಳಲ್ಲ. ಸೆಕೆಂಡಿಗೆ 400 ಚಿತ್ರಗಳು. ಜೀವದ ಪ್ರಶ್ನೆ ಬಂದಾಗ ಎಂಜಿನಿಯರುಗಳು ಕಾಲವನ್ನು ಆರಿಸಿಕೊಂಡರು.

ತೆರೆದ ಕಣ್ಣು, ಕಲಸಿದ ಚಿತ್ರ

ಚಿತ್ರಗಳ ನಡುವಣ ಕಾಲವನ್ನು ನೋಡಿದೆವು. ಇನ್ನು ಒಂದೊಂದು ಚಿತ್ರವೂ ಬೆಳಕಿಗೆ ತೆರೆದಿರುವ ಕಾಲವನ್ನು ವಿಚಾರಿಸೋಣ.

ಗಾಡಿಯೊಂದು ಗಂಟೆಗೆ 144 ಕಿಲೋಮೀಟರು, ಎಂದರೆ ಸೆಕೆಂಡಿಗೆ 40 ಮೀಟರು ವೇಗದಲ್ಲಿ ಹೋಗುತ್ತಿದೆ ಎನ್ನಿ. ದಾರಿಯ ಪಕ್ಕದಲ್ಲಿ, 4 ಮೀಟರು ದೂರದಲ್ಲಿ ಒಂದು ಕಂಬವಿದೆ. ಕಂಬವು ಸರಿಯಾಗಿ ಪಕ್ಕಕ್ಕೆ ಬಂದಾಗ ಅದರ ಕೋನವೇಗ, ವೇಗವನ್ನು ದೂರದಿಂದ ಭಾಗಿಸಿದಷ್ಟು: ಸೆಕೆಂಡಿಗೆ 10 ರೇಡಿಯನ್, ಎಂದರೆ ಸುಮಾರು 573 ಡಿಗ್ರಿ. ಕ್ಯಾಮರಾದ ಮಸೂರವು 120 ಡಿಗ್ರಿಗಳ ಅಗಲವನ್ನು 3840 ಚುಕ್ಕೆಗಳಲ್ಲಿ ಹರಡುತ್ತದೆಂದು ಇಟ್ಟುಕೊಂಡರೆ ಡಿಗ್ರಿಗೆ ಸರಾಸರಿ 32 ಚುಕ್ಕೆಗಳಾದವು. ಚಿತ್ರವು ಸೆಕೆಂಡಿನ 1/60 ಭಾಗದಷ್ಟು ಕಾಲ ತೆರೆದಿದ್ದರೆ ಅಷ್ಟರಲ್ಲಿ ಕಂಬವು ಸುಮಾರು 9.5 ಡಿಗ್ರಿ ಸರಿದಿರುತ್ತದೆ. ಅದರ ಬಿಂಬವು 300ಕ್ಕೂ ಹೆಚ್ಚು ಚುಕ್ಕೆಗಳ ಮೇಲೆ ಬಳಿದಂತಾಗುತ್ತದೆ. ಮುನ್ನೂರು ಚುಕ್ಕೆಗಳಷ್ಟು ಕಲಸಿಹೋದ ಬಿಂಬವನ್ನು 4ಕೆಯಲ್ಲಿ ನೋಡಿದರೇನು, ಅದರ ಅರ್ಧದಲ್ಲಿ ನೋಡಿದರೇನು? ಅದೇ ಕಣ್ಣು 1/1000 ಸೆಕೆಂಡು ಮಾತ್ರ ತೆರೆದಿದ್ದರೆ ಕಲಸುವಿಕೆ 18 ಚುಕ್ಕೆಗಳಿಗೆ ಇಳಿಯುತ್ತದೆ. ಅಂಚಿನ ಕಲ್ಲಿನ ಬಣ್ಣ, ಟೈರಿನ ಗುರುತು, ತಿರುವಿನ ಮೊದಲಿನ ದೂರದ ಫಲಕ ಇವೆಲ್ಲ ಆಗ ಕಾಣಬರುತ್ತವೆ.

ಆದರೆ ಪ್ರಕೃತಿ ಯಾವುದನ್ನೂ ಬಿಟ್ಟಿಯಾಗಿ ಕೊಡುವುದಿಲ್ಲ. 1/60ರ ಬದಲು 1/1000 ಸೆಕೆಂಡು ತೆರೆದರೆ ಒಳಬರುವ ಬೆಳಕು ಹದಿನೇಳರಲ್ಲಿ ಒಂದು ಪಾಲಾಗುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ, ಒಂದು ಲಕ್ಷ ಲಕ್ಸ್‌ನಷ್ಟು ಬೆಳಕಿರುವಾಗ, ಇದು ಕೊರತೆಯೇ ಅಲ್ಲ. ದಟ್ಟ ಮೋಡ ಕವಿದಾಗ ಬೆಳಕು ಕೆಲವೇ ಸಾವಿರ ಲಕ್ಸ್‌ಗಳಿಗೆ ಇಳಿಯುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಗಳಲ್ಲಿ ರ್‍ಯಾಲಿ ಓಡಿಸುವವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಮರಗಳ ನೆರಳಿನಿಂದ ಬಿಸಿಲಿಗೆ, ಬಿಸಿಲಿನಿಂದ ಮತ್ತೆ ನೆರಳಿಗೆ ಗಾಡಿ ಕ್ಷಣಕ್ಷಣಕ್ಕೂ ನುಗ್ಗುತ್ತಿರುತ್ತದೆ. ಇಂಥ ಸಣ್ಣ ಕ್ಯಾಮರಾಗಳಲ್ಲಿ ಮಸೂರದ ರಂಧ್ರವನ್ನು ಹಿಗ್ಗಿಸುವ ಕುಗ್ಗಿಸುವ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲವಾದ ಕಾರಣ, ಬೆಳಕು ಕುಂದಿದಾಗ ಅವು ತೆರೆದಿರುವ ಕಾಲವನ್ನು ಹಿಗ್ಗಿಸುತ್ತವೆ. ಇಲ್ಲವೆ ದುರ್ಬಲವಾದ ಸಂಕೇತವನ್ನು ವರ್ಧಿಸುತ್ತವೆ. ಮೊದಲನೆಯದರಿಂದ ಚಿತ್ರ ಕಲಸುತ್ತದೆ, ಎರಡನೆಯದರಿಂದ ಮರಳು ಚೆಲ್ಲಿದಂತೆ ಕಾಣುತ್ತದೆ.

ಇಲ್ಲಿ ನೆರವಿಗೆ ಬರುವುದು ಬೆಳಕನ್ನು ಹಿಡಿಯುವ ಸಂವೇದಕದ ವಿಸ್ತೀರ್ಣ. 2023ರಲ್ಲಿ ಬಂದ ಓಸ್ಮೋ ಆ್ಯಕ್ಷನ್ 4ರ ಸಂವೇದಕ 1/1.3 ಅಂಗುಲದ ವರ್ಗದ್ದು. ಅದೇ ವರ್ಷದ ಹೀರೋ 12ರದು 1/1.9 ಅಂಗುಲದ ವರ್ಗದ್ದು. ಹೆಸರಿನ ಅಳತೆಯಂತೆ ಮೊದಲನೆಯದರ ವಿಸ್ತೀರ್ಣ ಸುಮಾರು ಎರಡು ಪಟ್ಟು. ಚುಕ್ಕೆಗಳ ಎಣಿಕೆಯಲ್ಲಿ ಇವೆರಡನ್ನು ಹೋಲಿಸುವವರು ಈ ವ್ಯತ್ಯಾಸವನ್ನು ಕಾಣಲಾರರು. ಸಂಜೆಯ ಓಟದಲ್ಲಿ ಕಾಣುವುದು ಇದೇ.

ನಡುಗುವ ಗೆರೆಗಳು

ಮೂರನೆಯ ಕಾಲ ಇನ್ನೂ ಸೂಕ್ಷ್ಮವಾದುದು. ಈ ಕ್ಯಾಮರಾಗಳ ಸಂವೇದಕಗಳು ಇಡಿಯ ಚಿತ್ರವನ್ನು ಒಂದೇ ಗಳಿಗೆಯಲ್ಲಿ ಹಿಡಿಯುವುದಿಲ್ಲ. ಪುಟವನ್ನು ಸಾಲುಸಾಲಾಗಿ ಓದುವಂತೆ ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಓದುತ್ತ ಬರುತ್ತವೆ. ಮೊದಲ ಸಾಲು ಮತ್ತು ಕಡೆಯ ಸಾಲುಗಳ ನಡುವೆ ಕಳೆಯುವ ಹೊತ್ತನ್ನು ಓದುವ ಕಾಲವೆಂದು ಕರೆಯೋಣ. ಸೆಕೆಂಡಿಗೆ 60 ಚಿತ್ರಗಳನ್ನು ತೆಗೆಯುತ್ತಿರುವಾಗ ಈ ಕಾಲ 1/60 ಸೆಕೆಂಡನ್ನು ಮೀರಲಾರದು. 30 ಚಿತ್ರಗಳಾದರೆ 1/30 ಸೆಕೆಂಡಿನವರೆಗೂ ಹೋಗಬಹುದು.

ಮೇಲಿನ ಸಾಲನ್ನು ಓದುವಾಗ ಒಂದೆಡೆ ಇದ್ದ ಕಂಬ ಕೆಳಗಿನ ಸಾಲಿಗೆ ಬರುವ ವೇಳೆಗೆ ಸರಿದುಹೋಗಿರುತ್ತದೆ; ಆದುದರಿಂದ ನೆಟ್ಟಗಿನ ಕಂಬ ಚಿತ್ರದಲ್ಲಿ ವಾಲಿದಂತೆ ತೋರುತ್ತದೆ. ಇದಕ್ಕಿಂತ ಕೆಟ್ಟದ್ದು ಎಂಜಿನ್ನಿನ ಕಂಪನ. ನಾಲ್ಕು ಸಿಲಿಂಡರುಗಳು ಒಂದೇ ಸಾಲಿನಲ್ಲಿರುವ ಎಂಜಿನ್ನು ನಿಮಿಷಕ್ಕೆ 6000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 100 ಸುತ್ತುಗಳಾದವು. ಅಂಥ ಎಂಜಿನ್ನಿನ ಪ್ರಬಲ ಕಂಪನ ಸುತ್ತಿಗೆ ಎರಡು ಬಾರಿ, ಎಂದರೆ ಸೆಕೆಂಡಿಗೆ 200 ಬಾರಿ. ಓದುವ ಕಾಲ 1/60 ಸೆಕೆಂಡಾದರೆ ಒಂದೇ ಚಿತ್ರವನ್ನು ಓದಿ ಮುಗಿಸುವಷ್ಟರಲ್ಲಿ ಕ್ಯಾಮರಾ ಮೂರು ಬಾರಿಗೂ ಹೆಚ್ಚು ಅತ್ತಿತ್ತ ಅಲುಗಿರುತ್ತದೆ. ನೇರವಾದ ಗೆರೆಗಳೆಲ್ಲ ಹಾವಿನಂತೆ ಬಳುಕುತ್ತವೆ. ದಾರಿಯೇ ಅಗರ್ ಅಗರ್ ಮಿಠಾಯಿಯಂತೆ ತುಳುಕಾಡುತ್ತದೆ. ಚುಕ್ಕೆಗಳನ್ನು ಇಮ್ಮಡಿ ಮಾಡಿದರೆ ಈ ದೋಷ ಕಡಮೆಯಾಗುವುದಿಲ್ಲ. ಓದಬೇಕಾದ ಸಾಲುಗಳು ಹೆಚ್ಚಿದಂತೆ, ಯಂತ್ರದ ವೇಗ ಹೆಚ್ಚದಿದ್ದರೆ, ಅದು ಹೆಚ್ಚಾಗುವುದೂ ಉಂಟು.

ಓದುವ ಕಾಲವನ್ನು ಯಾವ ಪೆಟ್ಟಿಗೆಯ ಮೇಲೂ ದಪ್ಪಕ್ಷರದಲ್ಲಿ ಅಚ್ಚು ಹಾಕಿ ಸಾರುವ ವಾಡಿಕೆಯಿಲ್ಲ. ಆದರೆ ವಿದ್ಯಾರ್ಥಿಗಳು ಅದನ್ನು ಮನೆಯಲ್ಲಿಯೇ ಅಳೆಯಬಹುದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು. ಹಳೆಯ ಚೋಕಿನ ಟ್ಯೂಬ್‌ಲೈಟು ಮತ್ತು ಅನೇಕ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಏರಿಳಿಯುತ್ತ ಉರಿಯುತ್ತವೆ. ನಮ್ಮ ಕಣ್ಣಿಗೆ ಅದು ತಿಳಿಯುವುದಿಲ್ಲ. ರಾತ್ರಿಯಲ್ಲಿ ಇಂಥ ಒಂದೇ ದೀಪ ಉರಿಯುತ್ತಿರುವ ಕೋಣೆಯ ಬಿಳಿಯ ಗೋಡೆಯನ್ನು, ತೆರೆದಿರುವ ಕಾಲವನ್ನು 1/1000 ಸೆಕೆಂಡಿಗೆ ಕಟ್ಟಿಹಾಕಿ, ಚಿತ್ರಿಸಿರಿ. ಒಂದು ಚಿತ್ರವನ್ನು ನಿಲ್ಲಿಸಿ ನೋಡಿದರೆ ಗೋಡೆಯ ಮೇಲೆ ಕಪ್ಪು ಬಿಳುಪಿನ ಅಡ್ಡಪಟ್ಟಿಗಳು ಕಾಣುತ್ತವೆ. ಒಂದು ಕಪ್ಪು ಪಟ್ಟಿಯ ನಡುವಿನಿಂದ ಮುಂದಿನ ಕಪ್ಪು ಪಟ್ಟಿಯ ನಡುವಿಗೆ ಇರುವ ಅಂತರವೇ ಸೆಕೆಂಡಿನ ನೂರನೆಯ ಒಂದು ಭಾಗ. ಚಿತ್ರದ ಪೂರ್ಣ ಎತ್ತರದಲ್ಲಿ ಅಂಥ ಅಂತರ ಒಂದೂವರೆ ಹಿಡಿಸಿದರೆ ಓದುವ ಕಾಲ ಸೆಕೆಂಡಿನ ಸಾವಿರದಲ್ಲಿ 15 ಭಾಗ. ಎರಡು ಕ್ಯಾಮರಾಗಳನ್ನು ಹೀಗೆ ಪರೀಕ್ಷಿಸಿ, ಯಾವುದರಲ್ಲಿ ಪಟ್ಟಿಗಳು ಕಡಮೆಯೋ ಅದು ಓಟದ ಗಾಡಿಗೆ ಹೆಚ್ಚು ಯೋಗ್ಯವೆಂದು ತಿಳಿಯಬಹುದು. ಇದಕ್ಕೆ ಕಾಸಿನ ಖರ್ಚಿಲ್ಲ.

ಕಂಪನದ ವಿಷಯದಲ್ಲಿ ಕ್ಯಾಮರಾದಷ್ಟೇ ಮುಖ್ಯವಾದುದು ಅದನ್ನು ಗಾಡಿಗೆ ಬಿಗಿಯುವ ತೋಳು. ಒಂದು ತುದಿಯಲ್ಲಿ ಬಿಗಿದ ಸಲಾಕಿಯ ಉದ್ದವನ್ನು ಇಮ್ಮಡಿ ಮಾಡಿದರೆ ಅದರ ಬಿಗುವು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆಂದು ಬಲವಿಜ್ಞಾನ ಹೇಳುತ್ತದೆ. ಉದ್ದವಾದ ಅಗ್ಗದ ತೋಳಿನ ತುದಿಗೆ ಸಿಕ್ಕಿಸಿದ ದುಬಾರಿ ಕ್ಯಾಮರಾಕ್ಕಿಂತ, ಗಿಡ್ಡ ತೋಳಿನಲ್ಲಿ ಬಿಗಿಯಾಗಿ ನಿಂತ ಸಾಧಾರಣ ಕ್ಯಾಮರಾ ಮೇಲಾದ ಚಿತ್ರವನ್ನು ಕೊಡುವುದರಲ್ಲಿ ಆಶ್ಚರ್ಯವಿಲ್ಲ. ಭದ್ರತೆಯ ದೃಷ್ಟಿಯಿಂದಲೂ ಇದು ಮುಖ್ಯ. ಡಿಕ್ಕಿಯಲ್ಲಿ ಗುರುತ್ವದ 40 ಪಟ್ಟು ವೇಗಕುಂದು ಉಂಟಾದರೆ 154 ಗ್ರಾಂ ತೂಕದ ಕ್ಯಾಮರಾ ತನ್ನ ಹಿಡಿಯನ್ನು ಆರು ಕಿಲೋಗ್ರಾಮಿಗೂ ಮಿಗಿಲಾದ ಭಾರದಂತೆ ಎಳೆಯುತ್ತದೆ. ಸಡಿಲವಾಗಿ ಸಿಕ್ಕಿಸಿದ ಕ್ಯಾಮರಾ ಆಗ ಕಲ್ಲಿನಂತೆ ಹಾರಬಲ್ಲುದು.

ನಯವಾದ ಚಿತ್ರ, ನಿಜವಾದ ಚಿತ್ರ

2018ರಲ್ಲಿ ಹೀರೋ 7 ಬ್ಲ್ಯಾಕ್ ಹೊರಬಂದ ಮೇಲೆ, ಅಲುಗಾಟವನ್ನು ಲೆಕ್ಕಾಚಾರದಿಂದ ಅಳಿಸಿಹಾಕುವ ಸ್ಥಿರೀಕರಣ ವಿದ್ಯೆ ಇಂಥ ಕ್ಯಾಮರಾಗಳ ದೊಡ್ಡ ಆಕರ್ಷಣೆಯಾಗಿದೆ. ಕ್ಯಾಮರಾದೊಳಗಿನ ಜೈರೋಸ್ಕೋಪು ಅಲುಗಾಟವನ್ನು ಅಳೆಯುತ್ತದೆ. ಗಣಕವು ಚಿತ್ರದ ಅಂಚುಗಳನ್ನು ಸ್ವಲ್ಪ ಕತ್ತರಿಸಿ, ಉಳಿದುದನ್ನು ವಿರುದ್ಧ ದಿಕ್ಕಿಗೆ ಸರಿಸುತ್ತದೆ. ಬೆಟ್ಟದ ಸೈಕಲ್ಲಿಗೆ ಇದು ವರವೇ ಸರಿ. ಓಟದ ಗಾಡಿಯ ಒಳಗೆ ಮಾತ್ರ ವಿಚಿತ್ರವೊಂದು ನಡೆಯುತ್ತದೆ. ಗಾಡಿ ತಿರುಗಿದಾಗ ಜೈರೋಸ್ಕೋಪು ಅದನ್ನೂ ಅಲುಗಾಟವೆಂದೇ ಭಾವಿಸಿ ಹೊರಗಿನ ಲೋಕವನ್ನು ನಿಲ್ಲಿಸಲು ಹವಣಿಸುತ್ತದೆ. ಅದರ ಫಲವಾಗಿ ಸ್ಟಿಯರಿಂಗ್ ಚಕ್ರ, ಕಿಟಕಿಯ ಚೌಕಟ್ಟುಗಳೇ ಓಲಾಡತೊಡಗುತ್ತವೆ! ಅಲ್ಲದೆ ಬೆಳಕು ಕಡಮೆಯಿದ್ದಾಗ ಚಿತ್ರದೊಳಗೆಯೇ ಕಲಸಿಹೋದುದನ್ನು ಸ್ಥಿರೀಕರಣ ಸರಿಪಡಿಸಲಾರದು; ಕಲಸಿದ ಚಿತ್ರವನ್ನು ಅಲುಗದಂತೆ ಹಿಡಿದು ತೋರಿಸುತ್ತದೆ, ಅಷ್ಟೆ.

ಇಲ್ಲಿ ಇನ್ನೂ ಆಳವಾದ ಪ್ರಶ್ನೆಯೊಂದಿದೆ. ಗಾಡಿ ಅಂಚುಕಲ್ಲಿಗೆ ತಾಗಿ ಎಷ್ಟು ಕುಲುಕಿತು, ಹಿಂದಿನ ಚಕ್ರಗಳು ಎಷ್ಟು ಜಾರಿದವು ಎಂಬುದನ್ನು ತಿಳಿಯಬಯಸುವ ಚಾಲಕನಿಗೆ ಆ ಕುಲುಕಾಟವೇ ಸಾಕ್ಷ್ಯ. ಅದನ್ನು ನುಣ್ಣಗೆ ಅಳಿಸಿದ ಚಿತ್ರ ಸುಂದರವಾಗಿದ್ದೀತು, ಸಾಕ್ಷಿ ಹೇಳಲಾರದು. ಹಾಗೆಂದು ಸ್ಥಿರೀಕರಣವನ್ನೆಲ್ಲ ನಿಂದಿಸಬೇಕಾಗಿಲ್ಲ. 2010ರಲ್ಲಿ ಮೋಟೋಜಿಪಿ ಮೋಟಾರ್‌ಸೈಕಲ್ ಸ್ಪರ್ಧೆಗಳಲ್ಲಿ ದಿಗಂತವನ್ನು ಮಟ್ಟವಾಗಿ ಇರಿಸುವ ಜೈರೋಸ್ಕೋಪಿನ ಕ್ಯಾಮರಾ ಬಂದಾಗ, ಸವಾರನು ತಿರುವಿನಲ್ಲಿ ಎಷ್ಟು ಬಾಗುತ್ತಾನೆಂಬುದು ನೋಡುವವರಿಗೆ ಮೊದಲಿಗಿಂತ ಸ್ಪಷ್ಟವಾಯಿತು. ಅಲ್ಲಿ ಸ್ಥಿರೀಕರಣವು ಸತ್ಯವನ್ನು ಮುಚ್ಚಲಿಲ್ಲ, ತೆರೆದು ತೋರಿಸಿತು. 2021ರಲ್ಲಿ ಬೆಲ್ಜಿಯಂ ಗ್ರ್ಯಾಂಡ್ ಪ್ರೀಯ ಸಂದರ್ಭದಲ್ಲಿ ಫೆರ್ನಾಂಡೊ ಅಲೊನ್ಸೊ ಅವರ ಶಿರಸ್ತ್ರಾಣದ ಒಳಗೆ, ಕಣ್ಣಿನ ಮಟ್ಟದಲ್ಲಿ, ಕೆಲವೇ ಗ್ರಾಂ ತೂಕದ ಕ್ಯಾಮರಾವೊಂದನ್ನು ಇರಿಸಲಾಗಿತ್ತು. ಅದರ ಚಿತ್ರ ನಡುಗುತ್ತಿತ್ತು. ಆದರೂ ಚಾಲಕನು ಕಾಣುವ ಲೋಕವನ್ನು ಅಷ್ಟು ಹತ್ತಿರದಿಂದ ತೋರಿಸಿದ ಚಿತ್ರಗಳು ವಿರಳ. ಗುಣವೆಂಬುದು ಉದ್ದೇಶಕ್ಕೆ ಅಧೀನವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಎದುರು ಪಕ್ಷದ ಮಾತು

ಚುಕ್ಕೆಗಳು ಹೆಚ್ಚಿದ್ದರೆ ಪ್ರಯೋಜನವೇ ಇಲ್ಲವೆ ಎಂದು ಕೇಳಬಹುದು. ಖಂಡಿತವಾಗಿಯೂ ಇದೆ. ಮುಂದೆ 50 ಮೀಟರು ದೂರದಲ್ಲಿ ಹೋಗುತ್ತಿರುವ, 1.8 ಮೀಟರು ಅಗಲದ ಗಾಡಿ ಸುಮಾರು 2 ಡಿಗ್ರಿ ಕೋನವನ್ನು ಆವರಿಸುತ್ತದೆ. ಡಿಗ್ರಿಗೆ 32 ಚುಕ್ಕೆಗಳಂತೆ ಅದು 66 ಚುಕ್ಕೆಗಳ ಅಗಲಕ್ಕೆ ಬಂದರೆ, ಅರ್ಧದಷ್ಟು ಚುಕ್ಕೆಗಳ ಚಿತ್ರದಲ್ಲಿ 33 ಮಾತ್ರ. ಮುಂದಿನ ಗಾಡಿ ನೋಟದ ನಡುವೆ ಹೆಚ್ಚು ಸರಿಯದೆ ಇರುವುದರಿಂದ ಇಲ್ಲಿ ಚುಕ್ಕೆಗಳು ನಿಜವಾಗಿಯೂ ಉಪಕಾರಕ್ಕೆ ಬರುತ್ತವೆ. ಆದರೆ ಇದೇ ಲಾಭವನ್ನು ಇನ್ನೊಂದು ದಾರಿಯಿಂದಲೂ ಪಡೆಯಬಹುದೆಂಬುದನ್ನು ಮರೆಯಬಾರದು. ನೋಟದ ಅಗಲವನ್ನು 120 ಡಿಗ್ರಿಯಿಂದ 60ಕ್ಕೆ ತಗ್ಗಿಸುವ ಮಸೂರವಿದ್ದರೆ 1920 ಚುಕ್ಕೆಗಳ ಚಿತ್ರದಲ್ಲಿಯೂ ಡಿಗ್ರಿಗೆ 32 ಚುಕ್ಕೆಗಳೇ ದೊರೆಯುತ್ತವೆ. ಅಗಲವಾದ ನೋಟದಿಂದ ಚಿತ್ರವನ್ನು ತುಂಬಿಸಿ, ಆ ಬಳಿಕ ದೂರದ್ದು ಕಾಣದೆಂದು ಚುಕ್ಕೆಗಳಿಗಾಗಿ ಹಣ ಸುರಿಯುವುದು ಜಾಣತನವಲ್ಲ.

ಇನ್ನೊಂದು ಮಾತು. ಸೆಕೆಂಡಿಗೆ 60ರಂತೆ 4ಕೆ ಚಿತ್ರಗಳೆಂದರೆ ಸುಮಾರು 50 ಕೋಟಿ ಚುಕ್ಕೆಗಳು. ಚುಕ್ಕೆಗೆ 24 ಬಿಟ್‌ಗಳಂತೆ ಅದು ಸೆಕೆಂಡಿಗೆ ಸುಮಾರು 1200 ಕೋಟಿ ಬಿಟ್‌ಗಳಾಗುತ್ತದೆ. ಕ್ಯಾಮರಾ ಬರೆದಿಡುವುದು ಸೆಕೆಂಡಿಗೆ 10 ಕೋಟಿ ಬಿಟ್‌ಗಳೆಂದು ಹಿಡಿದರೆ, ನೂರಿಪ್ಪತ್ತರಲ್ಲಿ ಒಂದು ಪಾಲು ಮಾತ್ರ ಉಳಿಯಿತು. ಹಿಂದಿನ ಚಿತ್ರವನ್ನು ನೋಡಿ ಮುಂದಿನದನ್ನು ಊಹಿಸಿ, ಬದಲಾದುದನ್ನು ಮಾತ್ರ ಬರೆದಿಡುವ ಉಪಾಯದಿಂದ ಇದು ಸಾಧ್ಯವಾಗುತ್ತದೆ. ಆದರೆ ಓಟದಲ್ಲಿ ಎಲೆ, ಜಲ್ಲಿ, ಹುಲ್ಲು ಎಲ್ಲವೂ ಒಟ್ಟಿಗೆ ಬದಲಾಗುತ್ತವೆ. ಆಗ ಉಳಿತಾಯ ಕಠಿನವಾಗಿ, ಸೂಕ್ಷ್ಮ ವಿವರಗಳು ಮೊದಲು ಮಾಯವಾಗುತ್ತವೆ. ಎಣಿಕೆಗೆ ಚುಕ್ಕೆಗಳು ಇರುತ್ತವೆ. ಅವುಗಳಲ್ಲಿ ತುಂಬಬೇಕಾದ ವಿಷಯ ಇರುವುದಿಲ್ಲ.

ನ್ಯಾಯವಾದ ಹೋಲಿಕೆ

ಹಾಗಾದರೆ ಎರಡು ಕ್ಯಾಮರಾಗಳನ್ನು ಹೋಲಿಸುವುದೆಂತು? ಶಾಲೆಯ ಪ್ರಯೋಗಶಾಲೆಯಲ್ಲಿ ಕಲಿತ ಪಾಠವೇ ಇಲ್ಲಿಯೂ ದಾರಿದೀಪ: ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸಬೇಕು. ಒಂದು ಕ್ಯಾಮರಾವನ್ನು ಬೆಳಗ್ಗೆ, ಇನ್ನೊಂದನ್ನು ಸಂಜೆ ಓಡಿಸಿ ತೀರ್ಪು ಕೊಡಬಾರದು. ಎರಡನ್ನೂ ಒಂದೇ ಸಲಾಕಿಯ ಮೇಲೆ, ಒಂದೇ ಉದ್ದದ ತೋಳುಗಳಲ್ಲಿ, ಅಕ್ಕಪಕ್ಕದಲ್ಲಿ ಬಿಗಿದು ಒಂದೇ ಸುತ್ತಿನಲ್ಲಿ ಚಿತ್ರಿಸಬೇಕು. ನೋಟದ ಅಗಲ, ತೆರೆದಿರುವ ಕಾಲ, ಸೆಕೆಂಡಿನ ಚಿತ್ರಗಳ ಸಂಖ್ಯೆ ಇವು ಸಮವಾಗಿರಬೇಕು. ಮೊದಲು ಸ್ಥಿರೀಕರಣವನ್ನು ಆರಿಸಿ ಒಂದು ಸುತ್ತು, ಬಳಿಕ ಅದನ್ನು ಚಾಲನೆಗೊಳಿಸಿ ಇನ್ನೊಂದು ಸುತ್ತು ಹೋಗಬೇಕು. ಚಿತ್ರಗಳನ್ನು ಮೂಲರೂಪದಲ್ಲಿಯೇ ನೋಡಬೇಕು. ಕಳುಹಿಸುವಾಗ ಮತ್ತೊಮ್ಮೆ ಅಡಕಗೊಂಡ ಪ್ರತಿಗಳಲ್ಲಿ ಯಾವ ದೋಷ ಕ್ಯಾಮರಾದ್ದು, ಯಾವುದು ರವಾನೆಯದು ಎಂದು ತಿಳಿಯುವುದಿಲ್ಲ. ಕಡೆಯದಾಗಿ, ಯಾವುದು ಯಾವ ಕ್ಯಾಮರಾದ್ದೆಂದು ಹೇಳದೆ ಗೆಳೆಯರಿಗೆ ತೋರಿಸಿ, ಪ್ರಶ್ನೆಗಳನ್ನು ಕೇಳಬೇಕು. ಯಾವುದು ಚೆನ್ನಾಗಿದೆ ಎಂಬ ಪ್ರಶ್ನೆ ಬೇಡ. ದೂರದ ಫಲಕದ ಅಂಕಿ ಎಷ್ಟು? ಬ್ರೇಕು ಹಾಕಿದುದು ಯಾವ ಗುರುತಿನ ಬಳಿ? ಮುಂದಿನ ಗಾಡಿಯ ದೀಪ ಹೊತ್ತಿದುದು ಯಾವ ಚಿತ್ರದಲ್ಲಿ? ಇಂಥ ಪ್ರಶ್ನೆಗಳಿಗೆ ಹೆಚ್ಚು ಸರಿಯುತ್ತರ ದೊರಕಿಸಿಕೊಟ್ಟ ಚಿತ್ರವೇ ಓಟಕ್ಕೆ ಉತ್ತಮವಾದ ಚಿತ್ರ.

ಇದೆಲ್ಲ ಧನಿಕರ ವಿನೋದದ ಮಾತೆಂದು ತಳ್ಳಿಹಾಕಬಾರದು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್ ಸ್ಪರ್ಧೆಗೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ತಾವೇ ನಿರ್ಮಿಸಿದ ಗಾಡಿಗಳನ್ನು ಒಯ್ಯುತ್ತಾರೆ. ಅಂಥ ತಂಡಕ್ಕೆ ಒಂದೊಂದು ರೂಪಾಯಿಯೂ ಲೆಕ್ಕದ್ದು. ಚುಕ್ಕೆಗಳಿಗೆ ತೆತ್ತ ಹೆಚ್ಚಿನ ಹಣ ಒಳ್ಳೆಯ ಬ್ರೇಕು ಪ್ಯಾಡಿಗೋ, ಟೈರಿಗೋ ಹೋಗಬಹುದಾಗಿತ್ತು. ಅದಕ್ಕಿಂತ ಮಿಗಿಲಾಗಿ, ಗಾಡಿ ತಿರುವಿನಲ್ಲಿ ಜಾರಿದುದೇಕೆ, ಅಮಾನತು ಮುರಿದುದು ಯಾವ ಕ್ಷಣದಲ್ಲಿ ಎಂದು ತಿಳಿಯಲು ಬಹುಶಃ ಆ ಪುಟ್ಟ ಕ್ಯಾಮರಾ ಒಂದೇ ಸಾಕ್ಷಿ. ಸುಂದರವಾದ, ಆದರೆ ಕಲಸಿದ ಅಥವಾ ನುಣುಪುಗೊಳಿಸಿದ ಚಿತ್ರದಿಂದ ತಪ್ಪು ತೀರ್ಮಾನಕ್ಕೆ ಬಂದು, ದೋಷವಿರುವ ಗಾಡಿಯನ್ನೇ ಮತ್ತೆ ದಾರಿಗಿಳಿಸಿದರೆ ಅದರ ಬೆಲೆಯನ್ನು ರೂಪಾಯಿಗಳಲ್ಲಿ ಎಣಿಸಲಾಗದು.

ಆದುದರಿಂದ ಎರಡು ಮಾತುಗಳನ್ನು ಒತ್ತಿ ಹೇಳಬೇಕಾಗಿದೆ. ಮೊದಲನೆಯದು ತಯಾರಕರಿಗೆ. ಚುಕ್ಕೆಗಳ ಸಂಖ್ಯೆಯನ್ನು ಅಚ್ಚುಹಾಕುವ ಅದೇ ಪೆಟ್ಟಿಗೆಯ ಮೇಲೆ, ಅಷ್ಟೇ ದಪ್ಪಕ್ಷರದಲ್ಲಿ, ಒಂದೊಂದು ಬಗೆಯ ಚಿತ್ರಕ್ಕೂ ಓದುವ ಕಾಲವೆಷ್ಟೆಂಬುದನ್ನು ಅವರು ಅಚ್ಚುಹಾಕಬೇಕು. ಅಕ್ಕಿಯ ಚೀಲದ ಮೇಲೆ ತೂಕವನ್ನು ನಮೂದಿಸಬೇಕೆಂದು ಕೇಳುವ ಗ್ರಾಹಕರಿಗೆ ಇದನ್ನು ಕೇಳುವ ಹಕ್ಕೂ ಇದೆ. ಎರಡನೆಯದು ವಿದ್ಯಾರ್ಥಿಗಳಿಗೆ. ಕ್ಯಾಮರಾವನ್ನು ಕೊಳ್ಳುವ ಮುನ್ನ, ಈ ಚಿತ್ರದಿಂದ ನನಗೆ ಏನನ್ನು ತಿಳಿಯಬೇಕಾಗಿದೆ ಎಂದು ಕೇಳಿಕೊಳ್ಳಿರಿ. ನೋಡಿ ನಲಿಯುವುದಷ್ಟೇ ಉದ್ದೇಶವಾದರೆ ನಯವಾದ ಚಿತ್ರವನ್ನು ಆರಿಸಿಕೊಳ್ಳಿರಿ. ಅದರಲ್ಲಿ ತಪ್ಪೇನೂ ಇಲ್ಲ. ಕಲಿಯುವುದು ಉದ್ದೇಶವಾದರೆ ತೋಳನ್ನು ಗಿಡ್ಡ ಮಾಡಿರಿ, ತೆರೆದಿರುವ ಕಾಲವನ್ನು ಕಿರಿದು ಮಾಡಿರಿ, ಸೆಕೆಂಡಿನ ಚಿತ್ರಗಳನ್ನು ಹೆಚ್ಚಿಸಿರಿ. ಚುಕ್ಕೆಗಳ ಮಾತನ್ನು ಕಟ್ಟಕಡೆಗೆ ಇಟ್ಟುಕೊಳ್ಳಿರಿ. ಇಂದು ರಾತ್ರಿ ಮನೆಯ ಟ್ಯೂಬ್‌ಲೈಟಿನ ಕೆಳಗೆ ಕೈಯಲ್ಲಿರುವ ಕ್ಯಾಮರಾವನ್ನೋ ಫೋನನ್ನೋ ಹಿಡಿದು ಗೋಡೆಯ ಮೇಲಿನ ಪಟ್ಟಿಗಳನ್ನು ಎಣಿಸಿ ನೋಡಿದವರು, ಮುಂದೆ ಯಾವ ಪೆಟ್ಟಿಗೆಯ ದಪ್ಪಕ್ಷರಕ್ಕೂ ಸುಲಭವಾಗಿ ಮರುಳಾಗರು.